ಆಕಾಶಗಂಗೆಯ ಉಬ್ಬು

ಮೇ ತಿಂಗಳ ಅಮಾವಾಸ್ಯೆಯ ಆಸುಪಾಸು, ರಾತ್ರಿ ಮೂರರ ಸುಮಾರಿಗೆ ಸುರಪುರದ ಊರಾಚೆ ನಿಂತು ದಕ್ಷಿಣಕ್ಕೆ ನೋಡಿ, ಮಕ್ಕಳೇ. ಧನು ರಾಶಿಯ ಬಳಿ ಆಕಾಶಗಂಗೆ ದಪ್ಪಗೆ ಕಾಣುತ್ತದೆ. ಅದು ನಮ್ಮ ಗೆಲಾಕ್ಸಿಯ ಉಬ್ಬು. ರೊಟ್ಟಿಯ ನಡುವೆ ಬೆಣ್ಣೆಮುದ್ದೆ ಇಟ್ಟ ಹಾಗೆ, ಬಹುಪಾಲು ಮುದಿ ನಕ್ಷತ್ರಗಳ ಗುಂಪು. ಅದರ ನಟ್ಟನಡುವೆ, ಸುಮಾರು 26,000 ಜ್ಯೋತಿರ್ವರ್ಷ ದೂರದಲ್ಲಿ, 40 ಲಕ್ಷ ಸೂರ್ಯರಷ್ಟು ಭಾರದ ಕಪ್ಪುರಂಧ್ರವಿದೆ. ಅದರ ಚಿತ್ರ 2022ರಲ್ಲಿ ಪ್ರಕಟವಾಯಿತು.

ಬ್ಯಾಂಕಿನಲ್ಲಿ ಲೆಕ್ಕ ಬರೆದ ನನಗೆ ಸೋಜಿಗವೆನಿಸಿದ್ದು ಬೇರೆ. ಬಹುಮಟ್ಟಿಗೆ, ಉಬ್ಬು ದೊಡ್ಡದಾದಷ್ಟೂ ಕಪ್ಪುರಂಧ್ರವೂ ದೊಡ್ಡದು, ಅಸಲಿಗೆ ತಕ್ಕ ಬಡ್ಡಿಯಂತೆ! ನೆರೆಯ ಆಂಡ್ರೊಮಿಡಾದ ಉಬ್ಬು ನಮ್ಮದಕ್ಕಿಂತ ದೊಡ್ಡದು. ಅದರ ರಂಧ್ರ 10 ಕೋಟಿ ಸೂರ್ಯರನ್ನೂ ಮೀರಿಸುತ್ತದೆ. ತ್ರಿಕೋನ ಗೆಲಾಕ್ಸಿಗೆ ಉಬ್ಬು ಇಲ್ಲವೆನ್ನುವಷ್ಟು ಕಡಿಮೆ; ಅಲ್ಲಿ ದೈತ್ಯ ರಂಧ್ರವೂ ಸಿಕ್ಕಿಲ್ಲ.

ಉಬ್ಬು ರಂಧ್ರವನ್ನು ಬೆಳೆಸಿತೋ, ರಂಧ್ರವೇ ಉಬ್ಬಿಗೆ ಕಡಿವಾಣ ಹಾಕಿತೋ? ವಿಜ್ಞಾನಿಗಳ ಈ ವಾದ ಇನ್ನೂ ತೀರಿಲ್ಲ.