ಬಾತ ಕಾಲು ಹೇಳುವ ಮಾತು

ಮುಂಬಯಿ ನಿಂತು ಬದುಕುವವರ ಊರು. ವಿರಾರಿನಿಂದ ಚರ್ಚ್‌ಗೇಟಿಗೆ ಸುಮಾರು ೬೦ ಕಿಲೊಮೀಟರು. ಅಷ್ಟು ದೂರವನ್ನು ಗಾಡಿಯಲ್ಲಿ ಕುಳಿತು ಬರುವ ಭಾಗ್ಯ ಎಷ್ಟು ಮಂದಿಗೆ? ನಮ್ಮವರ ಹೋಟೆಲುಗಳಲ್ಲಿ ದೋಸೆಯ ಕಾವಲಿಯ ಮುಂದೆ ನಿಂತವರು, ಆಸ್ಪತ್ರೆಯ ದಾದಿಯರು, ಶಾಲೆಯ ಶಿಕ್ಷಕಿಯರು, ಬಾಗಿಲು ಕಾಯುವವರು, ಇವರೆಲ್ಲರ ದಿನವೂ ಕಾಲ ಮೇಲೆಯೇ ಕಳೆಯುತ್ತದೆ. ಸಂಜೆ ಮನೆ ಸೇರಿ ಚಪ್ಪಲಿ ಕಳಚಿದಾಗ ಪಟ್ಟಿಯ ಗುರುತು ಪಾದದ ಮೇಲೆ ಅಚ್ಚೊತ್ತಿರುತ್ತದೆ, ಕಣಕಾಲು ದಪ್ಪವಾಗಿರುತ್ತದೆ. ದಣಿವಿನಿಂದಾದದ್ದು, ಬೆಳಗಾದರೆ ಹೋಗುತ್ತದೆ ಎಂದು ಸುಮ್ಮನಾಗುತ್ತೇವೆ. ಬಹಳ ಸಲ ಅದು ನಿಜವೇ. ಯಾವಾಗ ನಿಜವಲ್ಲ ಎಂಬುದನ್ನು ಮಾತ್ರ ಪ್ರತಿಯೊಂದು ಸಂಸಾರವೂ ತಿಳಿದಿರಬೇಕು.

ನಾನು ವೈದ್ಯನಲ್ಲ, ಸರಕಾರಿ ಕಚೇರಿಯ ಗುಮಾಸ್ತ. ಕಚೇರಿಯ ಮಾತಿನಲ್ಲಿ ಹೇಳುವುದಾದರೆ, ಕಾಲಿನ ಬಾವು ಬರಿಯ ಮುಖಪತ್ರ. ನಿಜವಾದ ವಿಷಯ ಅದರ ಲಗತ್ತುಗಳಲ್ಲಿರುತ್ತದೆ. ಹಿಂದೆ ವೈದ್ಯರೂ ಬಾವನ್ನೇ ಒಂದು ರೋಗವೆಂದು ಎಣಿಸಿದ್ದರು. ೧೭೮೫ರಲ್ಲಿ ಇಂಗ್ಲೆಂಡಿನ ವಿಲಿಯಂ ವಿದರಿಂಗ್ ಎಂಬ ವೈದ್ಯನು ಫಾಕ್ಸ್‌ಗ್ಲೋವ್ ಎಂಬ ಗಿಡದ ಎಲೆಯಿಂದ ಕೆಲವರ ಬಾವು ಇಳಿಯುವುದೆಂದು ಬರೆದನು; ಆ ಎಲೆಯ ಗುಣ ಹೃದಯದ ಮೇಲೆ ಎಂಬುದು ಆಮೇಲೆ ಸ್ಪಷ್ಟವಾಯಿತು. ೧೮೨೭ರಲ್ಲಿ ರಿಚರ್ಡ್ ಬ್ರೈಟ್ ಎಂಬಾತನು ಮೈ ಬಾತ ಕೆಲವರಲ್ಲಿ ಕೆಟ್ಟಿದ್ದುದು ಮೂತ್ರಪಿಂಡವೆಂದು ತೋರಿಸಿಕೊಟ್ಟನು. ಹೊರಗೆ ಕಾಣುವ ಬಾವು ಒಂದೇ ಆದರೂ ಒಳಗಿನ ಕಾರಣಗಳು ಹಲವು.

ಹಾಗಾದರೆ ಕಾಲೇ ಏಕೆ ಬಾಯಬೇಕು? ನಮ್ಮ ಕಟ್ಟಡಗಳಲ್ಲಿ ನೆಲದ ಟಾಂಕಿಯ ನೀರನ್ನು ಮೇಲಿನ ಟಾಂಕಿಗೆ ಏರಿಸಲು ಪಂಪು ಬೇಕಷ್ಟೆ. ಪಾದಕ್ಕಿಳಿದ ರಕ್ತವೂ ಹಾಗೆಯೇ ಹೃದಯಕ್ಕೆ ಏರಬೇಕು. ಇಲ್ಲಿ ಪಂಪು ಎಂದರೆ ಮೀನಖಂಡದ ಸ್ನಾಯು. ನಡೆದಾಗಲೆಲ್ಲ ಅದು ರಕ್ತನಾಳವನ್ನು ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ನಾಳದೊಳಗಿನ ಕವಾಟಗಳು ಅದು ಹಿಂದಕ್ಕೆ ಜಾರದಂತೆ ತಡೆಯುತ್ತವೆ. ಅಲುಗಾಡದೆ ನಿಂತರೆ, ಅಥವಾ ಕಾಲು ಇಳಿಬಿಟ್ಟು ಕುಳಿತೇ ಇದ್ದರೆ, ಪಂಪು ನಿಲ್ಲುತ್ತದೆ. ನೀರಿನಂಶ ಸೋರಿ ಚರ್ಮದಡಿಯಲ್ಲಿ ನಿಲ್ಲುತ್ತದೆ. ಮೊಣಕಾಲಿನ ಕೆಳಗಿನ ಎಲುಬಿನ ಮೇಲೆ ಹೆಬ್ಬೆರಳಿನಿಂದ ಕೆಲವು ಕ್ಷಣ ಒತ್ತಿ ನೋಡಿ. ಗುಳಿ ಹಾಗೆಯೇ ಉಳಿದರೆ ನೀರು ನಿಂತಿದೆಯೆಂದು ಅರ್ಥ.

ಸಂಜೆ ಬಂದು ಬೆಳಗ್ಗೆ ಹೋಗುವ, ನೋವಿಲ್ಲದ ಬಾವಿಗೆ ಮನೆಯ ಉಪಾಯ ಸಾಕಾಗುವುದುಂಟು. ಮಲಗಿ ಕಾಲನ್ನು ಎದೆಯ ಮಟ್ಟಕ್ಕಿಂತ ಮೇಲೆ ದಿಂಬಿನ ಮೇಲಿಟ್ಟು ಕಾಲು ಗಂಟೆ ಇರಿ. ನಿಂತು ದುಡಿಯುವವರು ಆಗಾಗ ಹಿಮ್ಮಡಿ ಎತ್ತಿ ಇಳಿಸಲಿ, ನಾಲ್ಕು ಹೆಜ್ಜೆ ನಡೆಯಲಿ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ ೫ ಗ್ರಾಂ, ಅಂದರೆ ಸುಮಾರು ಒಂದು ಚಹಾಚಮಚೆ, ಉಪ್ಪಿಗಿಂತ ಕಡಿಮೆ ಇರಲಿ ಎನ್ನುತ್ತದೆ. ಹಪ್ಪಳ, ಉಪ್ಪಿನಕಾಯಿ, ಫರಸಾಣಗಳ ಉಪ್ಪೂ ಈ ಲೆಕ್ಕಕ್ಕೆ ಸೇರಿದ್ದೇ. ಬಿಗಿಯುವ ಕಾಲುಚೀಲವನ್ನು ಡಾಕ್ಟರರನ್ನು ಕೇಳದೆ ತೊಡಬಾರದು; ಪಾದಕ್ಕೆ ರಕ್ತದ ಹರಿವು ಕಡಿಮೆಯಿರುವವರಿಗೆ ಅದರಿಂದ ಹಾನಿಯುಂಟು.

ಎರಡೂ ಕಾಲು ಬಾತರೆ

ಬಾವು ಬೆಳಗ್ಗೆಯೂ ಇಳಿಯದಿದ್ದರೆ ಜೊತೆಗೆ ಏನಿದೆ ನೋಡಿ. ಮೆಟ್ಟಿಲೇರಿದರೆ ಏದುಸಿರು, ಮಲಗಲು ಎರಡು ಮೂರು ದಿಂಬು ಬೇಕು ಎಂದಾದರೆ ಹೃದಯದ ಸಂಶಯ. ಬೆಳಗ್ಗೆ ಕಣ್ಣಿನ ಸುತ್ತ ಊತ, ಮೂತ್ರದಲ್ಲಿ ನೊರೆ ಇದ್ದರೆ ಮೂತ್ರಪಿಂಡ. ಹೊಟ್ಟೆ ಉಬ್ಬಿ ಕಣ್ಣು ಹಳದಿಯಾದರೆ ಯಕೃತ್ತು. ರಕ್ತದೊತ್ತಡಕ್ಕೆ ಕೊಡುವ ಅಮ್ಲೋಡಿಪಿನ್, ಕೆಲವು ನೋವಿನ ಮಾತ್ರೆಗಳು, ಸ್ಟಿರಾಯ್ಡುಗಳಿಂದಲೂ ಕಾಲು ಬಾಯುವುದುಂಟು. ಹಾಗೆಂದು ಮಾತ್ರೆಯನ್ನು ತಾವೇ ನಿಲ್ಲಿಸಬಾರದು, ಬರೆದುಕೊಟ್ಟವರಿಗೆ ತಿಳಿಸಬೇಕು.

ಬಸುರಿಯರ ಕಾಲು ತುಸು ಬಾಯುವುದು ಸಹಜ. ಆದರೆ ಐದು ತಿಂಗಳು ಕಳೆದ ಮೇಲೆ ಮುಖ, ಕೈ ಒಮ್ಮೆಲೆ ಊದಿ, ತಲೆನೋವು ಬಂದು ಕಣ್ಣು ಮಂಜಾದರೆ ಅದೇ ದಿನ ರಕ್ತದೊತ್ತಡ ನೋಡಿಸಬೇಕು. ಇದು ತಾಯಿ ಮಗು ಇಬ್ಬರ ಜೀವದ ಪ್ರಶ್ನೆ.

ಒಂದೇ ಕಾಲು ಬಾತರೆ

ಇದನ್ನು ಎಂದೂ ದಣಿವೆಂದು ತಳ್ಳಿಹಾಕಬಾರದು. ಶಸ್ತ್ರಚಿಕಿತ್ಸೆಯ ಬಳಿಕ, ಎಲುಬು ಮುರಿದು ಮಲಗಿದ ಬಳಿಕ, ಊರಿಗೆ ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು ಹೋದ ಬಳಿಕ ಒಂದು ಕಾಲಿನ ಮೀನಖಂಡ ಬಾತು, ಬಿಸಿಯಾಗಿ ನೋಯುತ್ತಿದ್ದರೆ ಒಳಗಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ನಮ್ಮಲ್ಲಿ ಎಣ್ಣೆ ಬಿಸಿಮಾಡಿ ತಿಕ್ಕುವ ರೂಢಿಯಿದೆ. ಇಲ್ಲಿ ಅದು ಕೂಡದು. ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಸಂಚಕಾರ. ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಎದೆನೋವು, ಉಸಿರಾಟದ ತೊಂದರೆ ಬಂದರೆ ಕ್ಷಣವೂ ಕಾಯದೆ ೧೦೮ಕ್ಕೆ ಕರೆ ಮಾಡಬೇಕು. ಕಾಲು ಕೆಂಪಾಗಿ ಜ್ವರ ಬಂದರೆ ನಂಜೇರಿದೆ ಎಂದು ತಿಳಿಯಿರಿ. ಸಕ್ಕರೆ ಕಾಯಿಲೆಯವರು ಇದರಲ್ಲಿ ಇಮ್ಮಡಿ ಎಚ್ಚರದಿಂದಿರಬೇಕು.

ಕರಾವಳಿಯವರಿಗೂ ಕಲಬುರಗಿ ಕಡೆಯವರಿಗೂ ಆನೆಕಾಲು ರೋಗ ಗೊತ್ತಿದ್ದದ್ದೇ. ಇದರ ಹುಳು ಸೊಳ್ಳೆಯೊಳಗೆ ಬೆಳೆಯುವುದನ್ನು ೧೮೭೭ರಲ್ಲಿ ಪ್ಯಾಟ್ರಿಕ್ ಮ್ಯಾನ್ಸನ್ ಚೀನದಲ್ಲಿ ಕಂಡನು. ಸರಕಾರದವರು ಮನೆಬಾಗಿಲಿಗೆ ತಂದು ಕೊಡುವ ಇದರ ಮಾತ್ರೆಯನ್ನು ಕಿಟಕಿಯಿಂದ ಎಸೆಯದೆ ನುಂಗಬೇಕು. ಬಾತ ಕಾಲಿಗೆ ಉಪಾಯವೇ ಇಲ್ಲವೆಂದು ಕೈಚೆಲ್ಲಬೇಕಾಗಿಯೂ ಇಲ್ಲ. ಕಾಸರಗೋಡಿನಲ್ಲಿ ೧೯೯೯ರಲ್ಲಿ ಆರಂಭವಾದ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿಯು ಇಂಥ ಕಾಲಿಗೆ ಆಯುರ್ವೇದ, ಯೋಗ, ಆಧುನಿಕ ವೈದ್ಯ ಮೂರನ್ನೂ ಸೇರಿಸಿ ಚಿಕಿತ್ಸೆ ಮಾಡುತ್ತದೆ. ದಿನವೂ ಸೋಪಿನಿಂದ ತೊಳೆದು, ಬೆರಳ ಸಂದು ಒರಸಿ, ವ್ಯಾಯಾಮ ಮಾಡಿ, ಕ್ರಮವರಿತು ಪಟ್ಟಿ ಸುತ್ತಿದರೆ ಕಾಲು ಇಳಿಯುತ್ತದೆ. ಮೇಲಿಂದ ಮೇಲೆ ಬರುವ ಜ್ವರವೂ ಕಡಿಮೆಯಾಗುತ್ತದೆ.

ನೆರೆಮನೆಯವರಿಗೆ ಗುಣವಾಯಿತೆಂದು ನೀರಿಳಿಸುವ ಮಾತ್ರೆಯನ್ನು ಔಷಧದಂಗಡಿಯಿಂದ ತಂದು ನುಂಗುವುದು ಅಪಾಯ. ಅದು ಮೈಯ ಲವಣಾಂಶಗಳನ್ನು ಏರುಪೇರು ಮಾಡೀತು. ಕಾರಣವಂತೂ ಹಾಗೆಯೇ ಉಳಿದೀತು. ಖರ್ಚಿಗೆ ಅಂಜುವವರಿಗೆ ಪರೇಲಿನ ಕೆ.ಇ.ಎಂ., ಶೀವದ ಲೋಕಮಾನ್ಯ ತಿಲಕ, ಮುಂಬಯಿ ಸೆಂಟ್ರಲಿನ ನಾಯರ್, ಜುಹೂವಿನ ಕೂಪರ್ ಎಂಬ ನಗರಪಾಲಿಕೆಯ ಆಸ್ಪತ್ರೆಗಳಿವೆ. ಕೇಸ್‌ಪೇಪರಿನ ಸಾಲು ಉದ್ದವಿದ್ದೀತು, ಆದರೂ ಹೋಗಬೇಕು.

ನಮ್ಮ ಮನೆಗಳಲ್ಲಿ ತಾಯಂದಿರು ತಮ್ಮ ಕಾಲಿನ ಮಾತನ್ನು ತಾವಾಗಿ ಎತ್ತುವುದಿಲ್ಲ. ಎಲ್ಲರಿಗೂ ಬಡಿಸಿ, ಪಾತ್ರೆ ತೊಳೆದು, ಕೊನೆಗೆ ಗೋಡೆಗೊರಗಿ ಕಾಲು ಚಾಚುತ್ತಾರೆ. ಆ ಹೊತ್ತಿಗೆ ಹತ್ತಿರ ಕುಳಿತು ಒಮ್ಮೆ ಆ ಕಾಲನ್ನು ನೋಡಿ. ಒಂದು ಕಾಲೋ ಎರಡೋ, ಬೆಳಗ್ಗೆ ಇಳಿಯುತ್ತದೋ ಇಲ್ಲವೋ, ಮಲಗಿದರೆ ಉಸಿರು ಕಟ್ಟುತ್ತದೋ ಎಂದು ಕೇಳಿ. ಇದಕ್ಕೆ ಖರ್ಚು ಇಲ್ಲ. ಉತ್ತರ ಸರಿಯಿಲ್ಲವೆಂದು ಕಂಡರೆ ಮಾತ್ರ ಭಾನುವಾರದವರೆಗೆ ಕಾಯಬೇಡಿ.