ಕುತ್ತಿಗೆಯ ಗಂಟು ಮತ್ತು ಚಿತ್ರಗಳ ಸಾಕ್ಷ್ಯ

ಬಾಯಿ, ನಾಲಿಗೆ, ಗಂಟಲುಗಳಲ್ಲಿ ಹುಟ್ಟುವ ಕ್ಯಾನ್ಸರ್ ಸಾಮಾನ್ಯವಾಗಿ ಮೊದಲು ಹರಡುವುದು ಕುತ್ತಿಗೆಯ ದುಗ್ಧರಸ ಗ್ರಂಥಿಗಳಿಗೆ. ತಂಬಾಕು, ಗುಟ್ಕಾ, ಅಡಿಕೆಗಳ ಚಟ ವ್ಯಾಪಕವಾಗಿರುವ ನಮ್ಮ ದೇಶದಲ್ಲಿ ಈ ವ್ಯಾಧಿ ಅಪರೂಪವಲ್ಲ. ರೋಗವು ಗ್ರಂಥಿಗಳನ್ನು ತಲುಪಿದೆಯೇ ಎಂಬ ಪ್ರಶ್ನೆಯ ಉತ್ತರವೇ ಚಿಕಿತ್ಸೆಯ ಮಾರ್ಗವನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ.

ಉತ್ತರವನ್ನು ಅರಸುವ ಮುಖ್ಯ ಸಾಧನಗಳು ನಾಲ್ಕು. ಅಲ್ಟ್ರಾಸೌಂಡ್ ಪರೀಕ್ಷೆಯ ವೆಚ್ಚ ಕಡಿಮೆ. ಸಂಶಯಾಸ್ಪದ ಗ್ರಂಥಿಯತ್ತ ಸೂಜಿಗೆ ದಾರಿ ತೋರಿ, ಜೀವಕೋಶಗಳನ್ನು ಹೀರಿ ತೆಗೆಯಲು ಅದು ನೆರವಾಗುತ್ತದೆ. ಲಂಡನ್ನಿನಲ್ಲಿ 1971ರಲ್ಲಿ ಮೊದಲ ರೋಗಿಯ ಮೇಲೆ ಪ್ರಯೋಗವಾದ ಸಿ.ಟಿ. ಸ್ಕ್ಯಾನ್, ಕ್ಷಕಿರಣಗಳ ಮೂಲಕ ದೇಹದ ಅಡ್ಡಛೇದಗಳನ್ನು ಚಿತ್ರಿಸಿ, ದವಡೆಯ ಮೂಳೆ ಸವೆದಿದ್ದರೆ ತಿಳಿಸುತ್ತದೆ. ಎಂ.ಆರ್.ಐ. ನಾಲಿಗೆಯಂತಹ ಮೃದು ಭಾಗಗಳನ್ನೂ, ನರದ ಗುಂಟ ಸಾಗಿದ ರೋಗವನ್ನೂ ಹೆಚ್ಚು ಸ್ಪಷ್ಟವಾಗಿ ತೋರಿಸುತ್ತದೆ. ಪೆಟ್-ಸಿ.ಟಿ.ಯಲ್ಲಿ ವಿಕಿರಣಶೀಲ ಫ್ಲೋರಿನ್ ಸೇರಿಸಿದ ಗ್ಲೂಕೋಸನ್ನು ರಕ್ತಕ್ಕೆ ಕೊಡುತ್ತಾರೆ. ಕ್ಯಾನ್ಸರ್ ಕೋಶಗಳು ಅದನ್ನು ಅಧಿಕವಾಗಿ ಹೀರಿಕೊಂಡು ಚಿತ್ರದಲ್ಲಿ ಬೆಳಗುತ್ತವೆ. ಶ್ವಾಸಕೋಶಕ್ಕೆ ಹಬ್ಬಿದ ರೋಗವೂ ಇದರಲ್ಲಿ ಗೋಚರಿಸಬಹುದು.

ಆದರೆ ತಾಳೆಪಟ್ಟಿಯ ಎರಡು ಬದಿಗಳು ಸರಿಹೊಂದಿದ ಮಾತ್ರಕ್ಕೆ ಲೆಕ್ಕದಲ್ಲಿ ತಪ್ಪೇ ಇಲ್ಲವೆಂದು ಯಾವ ಲೆಕ್ಕಿಗನೂ ಹೇಳಲಾರನು. ಚಿತ್ರಗಳ ವಿಷಯವೂ ಹಾಗೆಯೇ. ಸೋಂಕಿನಿಂದ ಊದಿದ ಗ್ರಂಥಿಯೂ ಬೆಳಗಬಹುದು. ಕೆಲವೇ ಕೋಶಗಳು ಅಡಗಿದ ಗ್ರಂಥಿ ಯಾವ ಯಂತ್ರಕ್ಕೂ ಕಾಣದಿರಬಹುದು. ಬಾಯಿಯ ಕ್ಯಾನ್ಸರ್ ಆರಂಭದ ಹಂತದಲ್ಲಿದ್ದು ಕುತ್ತಿಗೆಯಲ್ಲಿ ಗಂಟು ಕಾಣದ 500 ರೋಗಿಗಳ ಅಧ್ಯಯನವನ್ನು ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು 2015ರಲ್ಲಿ ಪ್ರಕಟಿಸಿದರು. ಮೊದಲ ಶಸ್ತ್ರಚಿಕಿತ್ಸೆಯಲ್ಲಿಯೇ ಗ್ರಂಥಿಗಳನ್ನು ತೆಗೆದ ಗುಂಪಿನಲ್ಲಿ 3 ವರ್ಷಗಳ ಬಳಿಕ ಬದುಕಿದ್ದವರು ಶೇ. 80, ಗಂಟು ಕಾಣಿಸಿದ ಮೇಲೆ ತೆಗೆಯೋಣವೆಂದು ಕಾದ ಗುಂಪಿನಲ್ಲಿ ಶೇ. 67.5.

ಹಾಗೆಂದು ಚಿತ್ರಗಳು ನಿಷ್ಪ್ರಯೋಜಕವೆಂದಲ್ಲ. ಗ್ರಂಥಿಗಳಿಗೆ ಹರಡಿದ ರೋಗಕ್ಕೆ ವಿಕಿರಣ ಮತ್ತು ಔಷಧ ಚಿಕಿತ್ಸೆ ಪಡೆದ 564 ಜನರ ಬ್ರಿಟನ್ನಿನ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಚಿಕಿತ್ಸೆ ಮುಗಿದ 12 ವಾರಗಳ ನಂತರ ಪೆಟ್-ಸಿ.ಟಿ. ಮಾಡಿ, ಅಗತ್ಯ ಕಂಡವರಿಗಷ್ಟೇ ಕುತ್ತಿಗೆಯ ಶಸ್ತ್ರಚಿಕಿತ್ಸೆ ನಡೆಸಿದಾಗ ಬದುಕುಳಿದವರ ಪ್ರಮಾಣವೇನೂ ಕುಗ್ಗಲಿಲ್ಲ. ಶಸ್ತ್ರಚಿಕಿತ್ಸೆಗಳು ಮಾತ್ರ ಆ ಗುಂಪಿನಲ್ಲಿ 54, ಇನ್ನೊಂದರಲ್ಲಿ 221.

ಆದುದರಿಂದ ವರದಿ ಶುಭ್ರವಾಗಿದ್ದರೂ ವೈದ್ಯರು ಶಸ್ತ್ರಚಿಕಿತ್ಸೆಯ ಸಲಹೆಯಿತ್ತರೆ ರೋಗಿಯ ಬಂಧುಗಳು ಗಾಬರಿಗೊಳ್ಳದೆ ಕಾರಣವನ್ನು ಕೇಳಿ ತಿಳಿಯಬೇಕು. 3 ವಾರಗಳಲ್ಲಿ ಮಾಯದ ಬಾಯಿಹುಣ್ಣು, ಕರಗದ ಕುತ್ತಿಗೆಯ ಗಂಟು ಇದ್ದವರು ತಾವಾಗಿ ಸ್ಕ್ಯಾನ್ ಕೇಂದ್ರಕ್ಕೆ ಓಡದೆ ಮೊದಲು ವೈದ್ಯರ ಬಳಿಗೆ ಹೋಗುವುದು ಲೇಸು. ಯಾವ ಚಿತ್ರ, ಯಾವಾಗ ಬೇಕೆಂಬುದನ್ನು ಅವರೇ ಬಲ್ಲರು.