ಸರ್ವರಿಗೆ ಎಂತಹ ಡಿಸ್ಕು ಬೇಕು?

ಬೆಳಗಾವಿಯಲ್ಲಿ ನಮಗೆ ಪರಿಚಿತವಾದ ಒಂದು ಪತ್ತಿನ ಸಂಘವುಂಟು. ಅದರ ಶಾಖೆಯೊಂದು ಖಾನಾಪುರದಲ್ಲಿರುವುದು. ಉಭಯ ಕಡೆಯ ಲೆಕ್ಕಗಳೂ ಒಂದೇ ಸರ್ವರಿನಲ್ಲಿ ಶೇಖರವಾಗುತ್ತವೆ. ಕಳೆದ ಮಳೆಗಾಲದಲ್ಲಿ ಅದರ ಹಾರ್ಡ್ ಡಿಸ್ಕು ಕೆಟ್ಟುಹೋಗಿ, ಕಾಗದದ ಚೀಟಿಗಳಿಂದ ಲೆಕ್ಕವನ್ನು ಪುನಃ ಕೂಡಿಸುವವರೆಗೆ ಮೂರು ದಿನ ಠೇವಣಿದಾರರು ಬರಿಗೈಯಲ್ಲಿ ಮರಳಬೇಕಾಯಿತು. ಮಗಳ ಮದುವೆಗೆಂದು ಹಣ ತೆಗೆಯಬಂದ ವೃದ್ಧರೊಬ್ಬರು ಕಟ್ಟೆಯ ಮೇಲೆ ಸುಮ್ಮನೆ ಕುಳಿತಿದ್ದುದನ್ನು ನಾವು ಕಣ್ಣಾರೆ ಕಂಡೆವು. ವಿಚಾರಿಸಲಾಗಿ, ಮನೆಯ ಗಣಕಕ್ಕೆ ತಕ್ಕ ಅಗ್ಗದ ಡಿಸ್ಕನ್ನು ಹಗಲಿರುಳು ದುಡಿಸಿದ್ದರೆಂದು ತಿಳಿಯಿತು. ವ್ಯಾಕರಣ ಕಲಿಸುವ ಮಾಸ್ತರರಿಗೆ ಈ ಗೊಡವೆ ಏತಕ್ಕೆಂದು ವಾಚಕರು ನಗಬಹುದು. ನಮ್ಮ ಠೇವಣಿಯೂ ಅಲ್ಲಿಯೇ ಇರುವುದು!

ಡಿಸ್ಕಿನೊಳಗೆ ಕಾಂತಲೇಪನವುಳ್ಳ ತಟ್ಟೆಗಳು ತಿರುಗುತ್ತಿರುತ್ತವೆ. 1956ರಲ್ಲಿ ಐ.ಬಿ.ಎಂ. ಕಂಪನಿಯವರು ಹೊರತಂದ ಮೊದಲನೆಯ ಡಿಸ್ಕಿನಲ್ಲಿ 24 ಅಂಗುಲದ 50 ತಟ್ಟೆಗಳಿದ್ದು, ಎಲ್ಲವೂ ಕೂಡಿ 50 ಲಕ್ಷ ಅಕ್ಷರಗಳನ್ನು ಹಿಡಿಯುತ್ತಿದ್ದವು. ಇಂದಿನ ಅಂಗೈಯಗಲದ ಡಿಸ್ಕು ಅದರ ಹಲವು ಲಕ್ಷ ಪಟ್ಟು ಹಿಡಿಯುವುದು. ಆದರೆ ವೇಗವು ಹಾಗೆ ಬೆಳೆದಿಲ್ಲ. ನಿಮಿಷಕ್ಕೆ 7200 ಸುತ್ತು ತಿರುಗುವ ತಟ್ಟೆಯಲ್ಲಿ, ಬೇಕಾದ ಅಂಶವು ಓದುವ ಹೆಡ್ಡಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಎಂದರೆ 4 ಮಿಲಿಸೆಕೆಂಡು ಬೇಕು. ಹೆಡ್ಡು ಆ ಸಾಲಿಗೆ ಸರಿಯಲು ಮತ್ತೆ ಸುಮಾರು 8. ಹೀಗೆ ಸೆಕೆಂಡಿಗೆ 80ರಷ್ಟು ಚದುರಿದ ಬೇಡಿಕೆಗಳು ಮಾತ್ರ ತೀರುವವು. ಒಬ್ಬನಿಗೆ ಇದು ಸಾಕು. ಹತ್ತು ಕೌಂಟರುಗಳು ಒಮ್ಮೆಲೇ ಕೇಳಿದರೆ ಸಂತೆಯ ನೂಕುನುಗ್ಗಲು!

ಎಸ್.ಎಸ್.ಡಿ.ಯಲ್ಲಿ ತಿರುಗುವ ಭಾಗವೇ ಇಲ್ಲದ್ದರಿಂದ ಸೆಕೆಂಡಿಗೆ ಹತ್ತಾರು ಸಾವಿರ ಬೇಡಿಕೆಗಳು ತೀರುವವು. ಬೆಲೆಯೇನೋ ಹೆಚ್ಚು, ಬರೆದಷ್ಟೂ ಆಯುಷ್ಯ ಸವೆಯುವುದು. ಒಟ್ಟು ಎಷ್ಟು ಟೆರಾಬೈಟು ಬರೆಯಬಹುದೆಂದು ತಯಾರಕರು ಹೇಳಿರುತ್ತಾರೆ, ಅದನ್ನು ಓದಿಯೇ ಕೊಳ್ಳತಕ್ಕದ್ದು. ವಿದ್ಯುತ್ತು ಹಠಾತ್ತನೆ ಹೋದರೂ ಬರೆಯುತ್ತಿದ್ದುದನ್ನು ಮುಗಿಸುವಷ್ಟು ಶಕ್ತಿಯನ್ನು ಕೂಡಿಟ್ಟುಕೊಳ್ಳುವ ಜಾತಿಯೇ ಸರ್ವರಿಗೆ ಯೋಗ್ಯ.

ಹಳೆಯ ದಸ್ತೈವಜುಗಳ ಚಿತ್ರಗಳಿಗೆ ತಿರುಗುವ ಡಿಸ್ಕೇ ಸಾಕು. ಇಲ್ಲಿಯೂ ಒಂದು ಮೋಸವುಂಟು. ಕೆಲವು ಡಿಸ್ಕುಗಳಲ್ಲಿ ಸಾಲುಗಳು ಖಾನಾಪುರದ ಹಂಚುಗಳಂತೆ ಒಂದರ ಮೇಲೊಂದು ಚಾಚಿಕೊಂಡಿರುತ್ತವೆ, ಎಸ್.ಎಂ.ಆರ್. ಎಂದು ಅದರ ಹೆಸರು. ನಡುವಿನ ಹಂಚೊಂದನ್ನು ಬದಲಿಸಲು ಅಕ್ಕಪಕ್ಕದವನ್ನೂ ಎತ್ತಬೇಕಲ್ಲವೆ? ಹಾಗೆಯೇ ಒಂದು ಸಾಲನ್ನು ತಿದ್ದಲು ನೆರೆಯ ಸಾಲುಗಳನ್ನೂ ಪುನಃ ಬರೆಯಬೇಕಾಗಿ, ಕೆಲಸವು ಕುಂಟುವುದು. ಸಿ.ಎಂ.ಆರ್. ಎಂದು ನಮೂದಿಸಿದ್ದನ್ನೇ ಕೇಳಿ ಪಡೆಯಬೇಕು.

ಜೋಡಿ ಡಿಸ್ಕುಗಳಲ್ಲಿ ಒಂದೇ ಲೆಕ್ಕವನ್ನು ಬರೆಯುವ ಕ್ರಮವೂ ಒಳ್ಳೆಯದೇ. ಒಂದು ಸತ್ತರೆ ಇನ್ನೊಂದು ನಡೆಸುವುದು. ಆದರೆ ಗುಮಾಸ್ತನು ತಪ್ಪಿ ಅಳಿಸಿದರೆ ಎರಡರಲ್ಲಿಯೂ ಅಳಿಯುವುದು. ನಮ್ಮ ಹಿರಿಯರು ತಾಳೆಯೋಲೆಯ ಗ್ರಂಥವನ್ನು ಪ್ರತಿಮಾಡಿ ಬೇರೆ ಊರಿನಲ್ಲಿಡುತ್ತಿದ್ದುದು ಸುಮ್ಮನೆಯಲ್ಲ.

ಸಂಘದವರು ಈಗ ಜೋಡಿ ಎಸ್.ಎಸ್.ಡಿ. ಹಾಕಿಸಿರುವರು, ಪ್ರತಿರಾತ್ರಿ ಒಂದು ನಕಲು ಖಾನಾಪುರಕ್ಕೆ ಹೋಗುತ್ತದೆ. ಆ ನಕಲನ್ನು ತೆರೆದು ಓದಿ ನೋಡಿದಿರೋ ಎಂದು ಕಾರ್ಯದರ್ಶಿಗಳನ್ನು ಕೇಳಿದೆವು. ಇನ್ನೂ ಇಲ್ಲವೆಂದರು. ಬರುವ ಸೋಮವಾರ ಪುನಃ ಹೋಗಿ ಕೇಳತಕ್ಕವರಿದ್ದೇವೆ.